ಉಬುಂಟು, ಫೆಡೋರಾ, ಡೆಬಿಯನ್, ಆರ್ಚ್: ಡಾಟ್‌ನೆಟ್ ಎಲ್ಲಿಂದ ಹಾಕಿಕೊಳ್ಳಬೇಕು?

ನೀವು ಕೇಳಿರುವುದು ಎರಡು ವಿಷಯ. ಉಬುಂಟು 22.04ರಲ್ಲಿ ಚೆನ್ನಾಗಿ ಓಡುತ್ತಿದ್ದ ಡಾಟ್‌ನೆಟ್ 8 (ಪ್ರೋಗ್ರಾಂ ಬರೆದು ಓಡಿಸಲು ಮೈಕ್ರೋಸಾಫ್ಟ್ ಮಾಡಿದ ವೇದಿಕೆ), ಒಂದು ಅಪ್‌ಡೇಟ್ ಆದಮೇಲೆ "ಹೋಸ್ಟ್/ಎಫ್‌ಎಕ್ಸ್‌ಆರ್ ಫೋಲ್ಡರ್ ಇಲ್ಲ" ಎಂದು ಎರರ್ ಕೊಡುತ್ತಿದೆ. ಜೊತೆಗೆ, ನಿಮ್ಮ ತಂಡದಲ್ಲಿ ಫೆಡೋರಾ, ಡೆಬಿಯನ್, ಆರ್ಚ್ ಎಂಬ ಬೇರೆ ಲಿನಕ್ಸ್ ಬಗೆಗಳನ್ನು ಬಳಸುವವರೂ ಇದ್ದಾರೆ, ಎಲ್ಲರಿಗೂ ಒಂದೇ ದಾರಿ ಇದೆಯೇ ಎಂದಿದ್ದೀರಿ.

ಮೊದಲು ಎರರ್ ವಿಚಾರ. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ, ಅದನ್ನು ಮುಟ್ಟಬೇಡಿ. ಡಾಟ್‌ನೆಟ್ ಪ್ಯಾಕೇಜುಗಳು ನಿಮ್ಮ ಯಂತ್ರಕ್ಕೆ ಎರಡು ಕಡೆಯಿಂದ ಬಂದಿವೆ. ಹಿಂದೆ ಉಬುಂಟುವಿನಲ್ಲಿ ಡಾಟ್‌ನೆಟ್ ಬೇಕೆಂದರೆ ಮೈಕ್ರೋಸಾಫ್ಟ್‌ನ ರೆಪೊಸಿಟರಿ (ಪ್ಯಾಕೇಜುಗಳ ಆನ್‌ಲೈನ್ ಉಗ್ರಾಣ) ಸೇರಿಸಿಕೊಳ್ಳುವುದೇ ರೂಢಿಯಾಗಿತ್ತು. 2022ರ ಆಗಸ್ಟ್‌ನಿಂದ ಉಬುಂಟು ತಾನೇ ಅದನ್ನು ತನ್ನ ರೆಪೊಸಿಟರಿಯಲ್ಲಿ ಕೊಡತೊಡಗಿತು. ಮೈಕ್ರೋಸಾಫ್ಟ್ ಪ್ಯಾಕೇಜ್ /ಯುಎಸ್‌ಆರ್/ಶೇರ್/ಡಾಟ್‌ನೆಟ್ ಒಳಗೆ ಕೂರುತ್ತದೆ, ಉಬುಂಟುವಿನದು /ಯುಎಸ್‌ಆರ್/ಲಿಬ್/ಡಾಟ್‌ನೆಟ್ ಒಳಗೆ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಸಾಧನವಾದ ಆಪ್ಟ್, ನಾವು ಬೇರೆ ಹೇಳದಿದ್ದರೆ, ನೋಡುವುದು ಯಾವ ವರ್ಷನ್ ದೊಡ್ಡದು ಎಂಬುದನ್ನು ಮಾತ್ರ, ಎಲ್ಲಿಂದ ಬಂತು ಎಂಬುದನ್ನಲ್ಲ. ಹಾಗಾಗಿ ಒಂದು ಅಪ್‌ಡೇಟಿನಲ್ಲಿ ಹೋಸ್ಟ್ (ಪ್ರೋಗ್ರಾಂ ಶುರುಮಾಡುವ ಭಾಗ) ಒಂದು ಕಡೆಯದು, ರನ್‌ಟೈಮ್ (ಪ್ರೋಗ್ರಾಂ ಓಡಲು ಬೇಕಾದ ಭಾಗ) ಇನ್ನೊಂದು ಕಡೆಯದು ಆಗಿಬಿಡುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಹೋಸ್ಟ್ ಶೇರ್ ಒಳಗೆ ಹುಡುಕುತ್ತದೆ, ಬೇಕಾದದ್ದು ಲಿಬ್ ಒಳಗಿರುತ್ತದೆ.

ಸರಿಪಡಿಸುವುದು ಹೀಗೆ. ಡಾಟ್‌ನೆಟ್, ಎಎಸ್‌ಪಿನೆಟ್, ನೆಟ್‌ಸ್ಟ್ಯಾಂಡರ್ಡ್ ಎಂದು ಹೆಸರು ಶುರುವಾಗುವ ಪ್ಯಾಕೇಜುಗಳನ್ನೆಲ್ಲ ಆಪ್ಟ್ ರಿಮೂವ್ ಮಾಡಿ. ಒಂದನ್ನೂ ಉಳಿಸಬೇಡಿ, ಅರ್ಧಂಬರ್ಧ ತೆಗೆದರೆ ಅದೇ ಎರರ್ ಮತ್ತೆ ಬರುತ್ತದೆ. ಆಮೇಲೆ ಪ್ಯಾಕೇಜಸ್-ಮೈಕ್ರೋಸಾಫ್ಟ್-ಪ್ರಾಡ್ ಎಂಬ ಪ್ಯಾಕೇಜನ್ನೂ ತೆಗೆಯಿರಿ, ಆ ರೆಪೊಸಿಟರಿಯನ್ನು ಸೇರಿಸಿದ್ದು ಅದೇ. ನಂತರ ಆಪ್ಟ್ ಅಪ್‌ಡೇಟ್, ಕೊನೆಗೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಡಾಟ್‌ನೆಟ್-ಎಸ್‌ಡಿಕೆ-8.0' (ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು, ಎಸ್‌ಡಿಕೆ ಎಂದರೆ ಪ್ರೋಗ್ರಾಂ ಕಟ್ಟುವ ಸಲಕರಣೆಗಳ ಕಟ್ಟು). ಪವರ್‌ಶೆಲ್‌ಗಾಗಿ (ಮೈಕ್ರೋಸಾಫ್ಟ್‌ನ ಕಮಾಂಡ್ ಸಾಧನ) ಮೈಕ್ರೋಸಾಫ್ಟ್ ರೆಪೊಸಿಟರಿ ಬೇಕೇ ಬೇಕು ಎನ್ನುವುದಾದರೆ ಅದನ್ನು ಇಟ್ಟುಕೊಳ್ಳಿ, ಆದರೆ ಆಪ್ಟ್‌ನ ಪ್ರಿಫರೆನ್ಸಸ್ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಅಲ್ಲಿಂದ ಬರುವ ಈ ಮೂರು ಬಗೆಯ ಪ್ಯಾಕೇಜುಗಳಿಗೆ ಪಿನ್ ಪ್ರಯಾರಿಟಿ (ಆದ್ಯತೆಯ ಅಂಕ) -10 ಕೊಡಿ. ಮೈನಸ್ ಚಿಹ್ನೆ ಮರೆಯಬೇಡಿ, ಆ ಪ್ಯಾಕೇಜುಗಳನ್ನು ತಡೆಯುವುದೇ ಅದು. 'ಡಾಟ್‌ನೆಟ್ --ಇನ್ಫೋ' ಕೊಟ್ಟಾಗ ಬರುವ ಪಾತ್‌ಗಳೆಲ್ಲ ಲಿಬ್ ಒಳಗಿನವೇ ಆಗಿದ್ದರೆ ಕೆಲಸ ಮುಗಿಯಿತು.

ಇನ್ನು ತಂಡದ ವಿಷಯ. ಎಲ್ಲರಿಗೂ ಒಂದೇ ಕಮಾಂಡ್ ಹುಡುಕುವುದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಡಿಸ್ಟ್ರೋ (ಆಯಾ ಲಿನಕ್ಸ್ ಬಗೆ) ತಾನೇ ಕೊಡುತ್ತಿದ್ದರೆ ಅದನ್ನೇ ತೆಗೆದುಕೊಳ್ಳಿ, ಸೆಕ್ಯುರಿಟಿ ಅಪ್‌ಡೇಟ್ ಉಳಿದ ಪ್ಯಾಕೇಜುಗಳ ಜೊತೆಗೇ ಬರುತ್ತದೆ. ಫೆಡೋರಾದಲ್ಲಿ ಡಿಎನ್‌ಎಫ್‌ಗೆ (ಆಪ್ಟ್‌ನ ಕೆಲಸ ಮಾಡುವ ಅಲ್ಲಿನ ಸಾಧನ) ಅದೇ ಪ್ಯಾಕೇಜ್ ಹೆಸರು ಕೊಟ್ಟರೆ ಸಾಕು. ಡೆಬಿಯನ್ 12 ತಾನಾಗಿ ಕೊಡುವುದಿಲ್ಲ, ಅಲ್ಲಿ ಮಾತ್ರ ಮೈಕ್ರೋಸಾಫ್ಟ್ ರೆಪೊಸಿಟರಿ ಸೇರಿಸಿಕೊಳ್ಳಬೇಕು. ಆರ್ಚ್‌ನವರಿಗೆ ಎರಡು ಮಾತು ಹೇಳಿ: ಬರಿಯ ಡಾಟ್‌ನೆಟ್-ಎಸ್‌ಡಿಕೆ ಎಂದರೆ ಇತ್ತೀಚಿನ ವರ್ಷನ್ ಬರುತ್ತದೆ, ನಿಮ್ಮ 8ರ ಪ್ರಾಜೆಕ್ಟ್ ಅದರಲ್ಲಿ ಬಿಲ್ಡ್ ಆದರೂ 8ರ ರನ್‌ಟೈಮ್ ಇಲ್ಲದೆ ಓಡುವುದಿಲ್ಲ. ವೆಬ್ ಆ್ಯಪ್ ಆದರೆ 8ರ ಎಎಸ್‌ಪಿನೆಟ್-ರನ್‌ಟೈಮ್ ಬೇರೆಯಾಗಿ ಹಾಕಿಕೊಳ್ಳಬೇಕು.

ಹೆಚ್ಚಿನ ತಂಡಗಳು ಎಡವುವುದು ಪ್ರಾಜೆಕ್ಟಿಗೆ ಯಾವ ಎಸ್‌ಡಿಕೆ ವರ್ಷನ್ ಬೇಕೆಂದು ಹೇಳುವ ಗ್ಲೋಬಲ್ ಜೇಸನ್ ಫೈಲಿನಲ್ಲಿ. ಉಬುಂಟು, ಫೆಡೋರಾ ಮೂಲ ಕೋಡಿನಿಂದ ಕಟ್ಟಿಕೊಡುವ ಎಸ್‌ಡಿಕೆ 8.0.100ರ ಸರಣಿಯದು. ವಿಂಡೋಸ್‌ನಲ್ಲಿ ಕೆಲಸ ಮಾಡುವವರ ಬಳಿ 8.0.400ರ ಸರಣಿ ಇರಬಹುದು. ಅವರು ಆ ಸಂಖ್ಯೆಯನ್ನು ಫೈಲಿನಲ್ಲಿ ಬರೆದು ಗಿಟ್‌ಗೆ (ತಂಡ ಕೋಡ್ ಹಂಚಿಕೊಳ್ಳುವ ಸಾಧನ) ಹಾಕಿದರೆ ನಿಮ್ಮಲ್ಲಿ "ಎಸ್‌ಡಿಕೆ ಸಿಗಲಿಲ್ಲ" ಎಂದೇ ಬರುತ್ತದೆ. ಫೈಲಿನಲ್ಲಿ 8.0.100 ಎಂದು ಬರೆದು, ರೋಲ್‌ಫಾರ್ವರ್ಡ್‌ಗೆ ಲೇಟೆಸ್ಟ್‌ಫೀಚರ್ ಕೊಡಿ (8.0ರಲ್ಲೇ ಹೊಸ ಸರಣಿ ಇದ್ದರೆ ಅದನ್ನು ಬಳಸು ಎಂದರ್ಥ), ಎಲ್ಲರ ಯಂತ್ರದಲ್ಲೂ ನಡೆಯುತ್ತದೆ. 400ರ ಸರಣಿಯೇ ಬೇಕೆಂದರೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್-ಇನ್‌ಸ್ಟಾಲ್ ಸ್ಕ್ರಿಪ್ಟ್ ಇದೆ. ಅದು ಹೋಮ್ ಫೋಲ್ಡರಿನಲ್ಲೇ ಹಾಕುತ್ತದೆ, ಸುಡೊ ಬೇಡ. ಆದರೆ ಪಾತ್ ಮತ್ತು ಡಾಟ್‌ನೆಟ್ ರೂಟ್ ವೇರಿಯಬಲ್ ನೀವೇ ಸೆಟ್ ಮಾಡಬೇಕು, ಹೊಸ ವರ್ಷನ್ ಬಂದಾಗ ನೀವೇ ಮತ್ತೆ ಓಡಿಸಬೇಕು.

ಮುಂದೆ ಡಾಕರ್‌ನಲ್ಲಿ (ಆ್ಯಪನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದು ಇಮೇಜಾಗಿ ಕಟ್ಟಿಡುವ ಸಾಧನ) ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಬಳಸುತ್ತೇವೆ ಎಂದೂ ಬರೆದಿದ್ದೀರಿ. ನಿಮ್ಮ ಆ್ಯಪ್ ಕನ್ನಡದಲ್ಲಿ ದಿನಾಂಕ ತೋರಿಸುವುದಾದರೆ ಇದನ್ನು ಈಗಲೇ ಗಮನಿಸಿ. ಮೈಕ್ರೋಸಾಫ್ಟ್‌ನ ಆಲ್ಪೈನ್ ರನ್‌ಟೈಮ್ ಇಮೇಜಿನಲ್ಲಿ ಭಾಷೆಗಳ ಮಾಹಿತಿ ಕೊಡುವ ಐಸಿಯು ಲೈಬ್ರರಿ ಇರುವುದಿಲ್ಲ, ಭಾಷೆಗಳ ವ್ಯತ್ಯಾಸ ಬಿಟ್ಟುಬಿಡುವ ಇನ್‌ವೇರಿಯಂಟ್ ಮೋಡ್ ಆನ್ ಆಗಿರುತ್ತದೆ. ಕೆಎನ್-ಐಎನ್ ಕಲ್ಚರ್ (ಕನ್ನಡದ ಸೆಟ್ಟಿಂಗ್) ಕೇಳಿದರೆ ಅಲ್ಲೇ ಎಕ್ಸೆಪ್ಷನ್, ಅಂದರೆ ಎರರ್. ಐಸಿಯು-ಲಿಬ್ಸ್ ಮಾತ್ರ ಹಾಕಿದರೆ ಆಲ್ಪೈನ್ ಇಂಗ್ಲಿಷ್ ಮಾಹಿತಿಯನ್ನಷ್ಟೇ ತರುತ್ತದೆ, ಕನ್ನಡ ಬರಬೇಕಾದರೆ ಐಸಿಯು-ಡೇಟಾ-ಫುಲ್ ಕೂಡ ಬೇಕು. ಎರಡನ್ನೂ ಡಾಕರ್‌ಫೈಲಿನಲ್ಲಿ ಎಪಿಕೆ (ಆಲ್ಪೈನ್‌ನ ಪ್ಯಾಕೇಜ್ ಸಾಧನ) ಮೂಲಕ ಹಾಕಿ, ಇನ್‌ವೇರಿಯಂಟ್ ವೇರಿಯಬಲ್ ಅನ್ನು ಫಾಲ್ಸ್ ಮಾಡಿ. ಅಪ್ಲೋಡ್ ಮಾಡುವ ಮುಂಚೆ ಒಂದು ದಿನಾಂಕ ಪ್ರಿಂಟ್ ಮಾಡಿಸಿ, ವಾರದ ಹೆಸರು ಕನ್ನಡದಲ್ಲಿ ಬಂತೇ ಎಂದು ಕಣ್ಣಾರೆ ನೋಡಿಕೊಳ್ಳಿ.