ಮಳೆಗಾಲದಲ್ಲಿ ವೀಣೆಯನ್ನು ಎಲ್ಲಿಡುವುದು?

ಪ್ರಶ್ನೆ: ಮಲೆನಾಡಿನ ಸಾಗರ ಊರಿನ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ಅತ್ತೆಯವರ ವೀಣೆಯನ್ನು ಗೋಡೆಗೆ ಒರಗಿಸಿ ಇಡುತ್ತಿದ್ದೇವೆ. ಕಳೆದ ಮಳೆಗಾಲದಲ್ಲಿ ತಂತಿಗಳಿಗೆ ತುಕ್ಕು ಹಿಡಿದು, ಬುರುಡೆಯ (ದಂಡಿಯ ತುದಿಯಲ್ಲಿ ಕೆಳಗೆ ಕೂಡಿಸುವ ಸೋರೆಬುರುಡೆ) ಮೇಲೆ ಬೂಷ್ಟು ಬಂದಿತ್ತು. ಬಡಗಿಯಿಂದ ಪೆಟ್ಟಿಗೆ ಮಾಡಿಸಿದರೆ ಸಾಕೇ?

ಉತ್ತರ: ಪೆಟ್ಟಿಗೆ ಒಳ್ಳೆಯದೇ, ಆದರೆ ಅಳತೆ ಕೊಡುವ ಮೊದಲು ವೀಣೆಯ ಭಾರ ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿಕೊಳ್ಳಿ. ಕೊಡದ (ವೀಣೆಯ ದೊಡ್ಡ ದುಂಡು ಭಾಗ) ಉಬ್ಬಿಗೆ ಸರಿಹೊಂದುವಂತೆ ತಗ್ಗು ಕೊರೆದ ಒಂದು ಹಲಗೆ, ದಂಡಿಯ (ಉದ್ದನೆಯ ಕತ್ತಿನ ಭಾಗ) ಕೆಳಗೆ ಇನ್ನೊಂದು, ಎರಡಕ್ಕೂ ಹಳೆಯ ಹತ್ತಿ ಸೀರೆಯ ನಾಲ್ಕಾರು ಮಡಿಕೆ. ಬುರುಡೆಯು ತಿರುಪಿನಿಂದ ಕೂಡಿಸಿದ್ದಾದರೆ ಅದನ್ನು ಬಿಚ್ಚಿ ಪಕ್ಕದಲ್ಲಿಡಿ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ, ಮಳೆ ಬಡಿಯುವ ಹೊರಗೋಡೆಯಿಂದ ದೂರ, ಒಳಕೋಣೆಯ ಮಣೆಯ ಮೇಲಿಡಿ.

ಒಣಗಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ. ಅಡಿಕೆಗೆ ಹಿತವಾದ ಆ ಜಾಗ ವೀಣೆಗೆ ಹಿತವಲ್ಲ. ದಂಡಿಯ ಮೇಲೆ ತಂತಿಗಳ ಕೆಳಗಿರುವ 24 ಲೋಹದ ಪಟ್ಟಿಗಳು, ಅಂದರೆ ವೀಣೆಯ ಮೆಟ್ಟಿಲುಗಳು, ಮೇಣದಲ್ಲಿ ಕೂತಿರುವುದರಿಂದ, ಬಿಸಿಗೆ ಅದು ಮೆತ್ತಗಾಗಿ ಒಂದು ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ, ಮತ್ತೆ ಮೇಳ ಕಟ್ಟುವವರನ್ನು (ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸುವವರನ್ನು) ಹುಡುಕಿಕೊಂಡು ಹೋಗಬೇಕಾಗುತ್ತದೆ.

ತೇವ ಹೀರಲು ಸಿಲಿಕಾ ಜೆಲ್ ಹರಳುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಡಿ. ಕಿತ್ತಳೆ ಬಣ್ಣದವು ಹಸಿರಿಗೆ ತಿರುಗಿದರೆ ಬದಲಿಸಿ. ನುಡಿಸಿದ ಮೇಲೆ ಬೆರಳಿನ ಬೆವರು ಮತ್ತು ಎಣ್ಣೆ ಹೋಗುವಂತೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ. ತಿಂಗಳುಗಟ್ಟಲೆ ನುಡಿಸದಿದ್ದರೆ ಬಿರಡೆಗಳನ್ನು (ತಂತಿ ಬಿಗಿಯುವ ಗೂಟಗಳನ್ನು) ತುಸು ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ. ಬಿಸಿಲು ಬಿದ್ದ ದಿನ ಮುಚ್ಚಳ ತೆರೆದು, ನೇರ ಬಿಸಿಲು ತಾಗದಂತೆ ಒಂದು ಗಂಟೆ ಗಾಳಿಯಾಡಲು ಬಿಡಿ.