ಎರಡೇ ನಿಮಿಷಕ್ಕೆ ಓಡಿಹೋಗುವ ಮೊಮ್ಮಗ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಮಗಳು ದಿನಾ ವಾಟ್ಸಾಪ್‌ನಲ್ಲಿ ವಿಡಿಯೊ ಕಾಲ್ ಮಾಡುತ್ತಾಳೆ. ಎರಡೂವರೆ ವರ್ಷದ ಮೊಮ್ಮಗ ಎರಡು ನಿಮಿಷ ನೋಡಿ ಓಡಿಹೋಗುತ್ತಾನೆ. ಅವನಿಗೆ ನಾವು ಬೇಡವೇ?
– ಓದುಗರೊಬ್ಬರು, ಸಾಗರ

ಉತ್ತರ: ಹಾಗೇನಿಲ್ಲ. ನಿಮ್ಮ ಮನೆಯಲ್ಲೇ ಇದ್ದಿದ್ದರೂ ಓಡುತ್ತಿದ್ದ. ನೀವೂ ಹಿಂದೆ ಓಡುತ್ತಿದ್ದಿರಿ, ಅಷ್ಟೇ.

‘ಊಟ ಆಯ್ತಾ? ಏನು ತಿಂದೆ? ನಾನು ಯಾರು ಹೇಳು?’ ಎಂದು ಸಾಲಾಗಿ ಕೇಳಿದರೆ ಮಗುವಿಗೆ ಬೇಜಾರು. ಕೇಳುವುದನ್ನು ಬಿಟ್ಟು ತೋರಿಸಿ. ಹಿತ್ತಲಿನ ದನ, ಉದ್ದನೆಯ ನುಗ್ಗೆಕಾಯಿ, ಉಬ್ಬುತ್ತಿರುವ ಪೂರಿ. ಸೆರಗಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟಕ್ಕೆ ಬಹುತೇಕ ಮಕ್ಕಳು ತಿರುಗಿ ಬರುತ್ತಾರೆ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಅಲ್ಲಿಗೆ ಕಳಿಸಿ. ನೀವು ಓದಿ, ಪುಟ ಅವನು ತಿರುಗಿಸಲಿ.

ಮಾತು ಅಲ್ಲಿಗೆ ಮುಟ್ಟುವುದು ತುಸು ತಡ, ಮಗು ಯೋಚಿಸುವುದಕ್ಕೂ ಹೊತ್ತು ಬೇಕು. ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಬಾಯಿ ತೆರೆಯಿರಿ. ಇದೇ ಕಾರಣಕ್ಕೆ ಇಬ್ಬರೂ ಒಟ್ಟಿಗೆ ಹಾಡಿದರೆ ತಾಳ ತಪ್ಪುತ್ತದೆ. ನಿಮ್ಮದೊಂದು ಸಾಲು, ಅವನದೊಂದು ಸಾಲು ಇರಲಿ.

ಫೋನನ್ನು ಕೈಯಲ್ಲಿ ಹಿಡಿದರೆ ಅಜ್ಜಿಯ ಗಲ್ಲ, ಮೇಲೆ ತಿರುಗುವ ಫ್ಯಾನು, ಇಷ್ಟೇ ಕಾಣುವುದು. ಡಬ್ಬಗಳ ಮೇಲೆ ಕಣ್ಣಿನ ಮಟ್ಟಕ್ಕೆ ಒರಗಿಸಿಡಿ. ಕಿಟಕಿ ನಿಮ್ಮ ಎದುರಿಗಿರಲಿ; ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಕ್ಯಾಮೆರಾದ ಪಕ್ಕದಲ್ಲಿ (ಅದರ ಮೇಲಲ್ಲ!) ಹಣೆಗಿಡುವ ಸ್ಟಿಕರ್ ಬೊಟ್ಟೊಂದನ್ನು ಅಂಟಿಸಿ, ಮಾತಾಡುವಾಗ ಅದನ್ನೇ ನೋಡಿ. ಆಗ ಅವನಿಗೆ ನೀವು ತನ್ನನ್ನೇ ನೋಡಿದಂತೆ ಕಾಣುತ್ತದೆ. ಟಿವಿ ಆರಿಸಿ.

ಇಷ್ಟಾದರೂ ಓಡಿದರೆ ಕರೆಯಬೇಡಿ. ಅವನು ಆಡುವ ಕಡೆ ಫೋನ್ ಇಡಲು ಮಗಳಿಗೆ ಹೇಳಿ, ನೀವು ನಿಮ್ಮ ಪಾಡಿಗೆ ಹೂ ಕಟ್ಟುತ್ತಿರಿ. ಭಾನುವಾರದ ಒಂದು ತಾಸಿಗಿಂತ ದಿನದ ಐದು ನಿಮಿಷ ಮೇಲು.

ಪ್ರಶ್ನೆ: ಬೆಳಿಗ್ಗೆ 7.30ಕ್ಕೆ ಕರೆ ಮಾಡಿದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮೊಮ್ಮಗಳು ಊಟ ಮುಗಿಸಿ ಸಿಗುತ್ತಿದ್ದಳು. ನವೆಂಬರ್‌ನಿಂದ ಬರೀ ಊಟದ ರಗಳೆ. ಏಕೆ?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಹನ್ನೆರಡೂವರೆ ಗಂಟೆಯ ಅಂತರ ಹದಿಮೂರೂವರೆ ಆಗುತ್ತದೆ. ನಿಮ್ಮ 7.30 ಮೊದಲು ಅವರಿಗೆ ಹಿಂದಿನ ಸಂಜೆಯ 7 ಗಂಟೆ, ಈಗ 6. ಕರೆಯನ್ನು 8.30ಕ್ಕೆ ಹಾಕಿ. ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದೆ. ಮರುದಿನ ಸೋಮವಾರದಿಂದ ನಿಮಗೆ ಹಳೆಯ 7.30.

ಪ್ರಶ್ನೆ: ಹತ್ತು ತಿಂಗಳ ಕೂಸಿಗೆ ಫೋನ್ ತೋರಿಸಬಹುದೇ?

ಉತ್ತರ: ವಿಡಿಯೊ ಕಾಲ್‌ಗೆ ಅಡ್ಡಿಯಿಲ್ಲ. 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡವೆಂದು 2016ರಲ್ಲಿ ಹೇಳಿದ ಅಲ್ಲಿನ ಮಕ್ಕಳ ವೈದ್ಯರ ಸಂಘ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಇದೊಂದಕ್ಕೆ ವಿನಾಯಿತಿ ಕೊಟ್ಟಿದೆ. ದೊಡ್ಡವರೊಬ್ಬರು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ನೋಡು, ತಾತ ಕೈ ಬೀಸ್ತಿದ್ದಾರೆ’ ಎಂದು ಹೇಳುತ್ತಿರಲಿ.