ಚೆನ್ನಾಗಿ ತೊಳೆದು ಬೇಯಿಸಿದರೆ ಮೀನಿನಲ್ಲಿರುವ ಭಾರಲೋಹ ಹೋಗುತ್ತದೆಯೇ?

ಕರಾವಳಿಯ ಮೀನಿನಲ್ಲಿ ಪಾದರಸ, ಕ್ಯಾಡ್ಮಿಯಂನಂತಹ ಭಾರಲೋಹಗಳು ಸೇರಿರುತ್ತವೆ ಎಂದು ತಿಳಿದು, ಚರ್ಮ ತೆಗೆದು ಚೆನ್ನಾಗಿ ಬೇಯಿಸಿದರೆ ಅವು ಹೋಗುತ್ತವೆಯೇ ಎಂದು ಕೇಳಿದ್ದೀರಿ. ಪಾದರಸದ ಮಟ್ಟಿಗಂತೂ ಹೋಗುವುದಿಲ್ಲ. ಹೋಗುತ್ತದೆ ಎಂಬ ನಂಬಿಕೆಯನ್ನು ತಿಳಿವಳಿಕೆಯುಳ್ಳವರಲ್ಲೂ ಕಂಡಿದ್ದೇನೆ. ಅದಕ್ಕಾಗಿಯೇ ತುಸು ವಿವರವಾಗಿ ಬರೆಯುತ್ತಿದ್ದೇನೆ.

ಕಾರ್ಖಾನೆಯ ತ್ಯಾಜ್ಯದಿಂದಲೋ ಕಲ್ಲಿದ್ದಲಿನ ಹೊಗೆಯಿಂದಲೋ ನೀರಿಗಿಳಿದ ಪಾದರಸವನ್ನು, ಆಮ್ಲಜನಕ ವಿರಳವಾಗಿರುವ ಅಳಿವೆಯ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಕೊಬ್ಬಿನಲ್ಲಿ ಶೇಖರವಾಗದೆ, ಮಾಂಸದ ಪ್ರೋಟೀನಿನಲ್ಲಿರುವ ಗಂಧಕಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಚರ್ಮ ಸುಲಿಯುವುದರಿಂದ ಪ್ರಯೋಜನವಿಲ್ಲ. ಬೇಯಿಸಿದಾಗ ನೀರಿನಂಶ ಕಡಿಮೆಯಾಗಿ, ಪ್ರತಿ ಗ್ರಾಂ ಮಾಂಸದಲ್ಲಿ ಅದರ ಪ್ರಮಾಣ ತುಸು ಏರುವುದೇ ಹೆಚ್ಚು. ಸಣ್ಣ ಮೀನನ್ನು ದೊಡ್ಡದು ನುಂಗಿದಂತೆಲ್ಲ ಸಾಂದ್ರತೆ ಏರುತ್ತ ಹೋಗುವುದರಿಂದ, ಬಹುಕಾಲ ಬದುಕುವ ಶಾರ್ಕ್, ಕತ್ತಿಮೀನು, ದೊಡ್ಡ ಟ್ಯೂನಾಗಳಲ್ಲಿ ಅದು ಬೂತಾಯಿಯಂತಹ ಸಣ್ಣ ಮೀನುಗಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ ಹೇಳುತ್ತೇನೆ. ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ತಜ್ಞ ಸಮಿತಿಯು 2003ರಲ್ಲಿ, ಗರ್ಭಸ್ಥ ಶಿಶುವನ್ನು ಗಮನದಲ್ಲಿಟ್ಟು, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸದ ಮಿತಿಯನ್ನು ನಿಗದಿಪಡಿಸಿತು. 60 ಕಿಲೋ ತೂಕದವರಿಗೆ ಇದು 96 ಮೈಕ್ರೋಗ್ರಾಂ ಆಗುತ್ತದೆ. ಕಿಲೋಗೆ 0.5 ಮಿಲಿಗ್ರಾಂ ಇರುವ ಮೀನಾದರೆ ವಾರಕ್ಕೆ 200 ಗ್ರಾಂ ತಿನ್ನುವಷ್ಟರಲ್ಲಿ ಮಿತಿ ಮುಗಿಯುತ್ತದೆ, 0.05 ಇರುವ ಮೀನಾದರೆ ಸುಮಾರು ಎರಡು ಕಿಲೋ ತಿನ್ನಬಹುದು. ಈ ಎಚ್ಚರ ಅತಿಯೆಂದು ಅನಿಸಿದರೆ, ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಜನ ಕಾಯಿಲೆಬಿದ್ದ ಜಪಾನಿನ ಮಿನಮಾಟಾ ಊರನ್ನು ನೆನೆಯಬೇಕು: 1956ರಲ್ಲಿ ಅಧಿಕೃತವಾಗಿ ಗುರುತಿಸಲಾದ ಆ ಕಾಯಿಲೆಯಲ್ಲಿ, ಹೆಚ್ಚಿನ ಲಕ್ಷಣಗಳೇ ಕಾಣದ ತಾಯಂದಿರಿಗೂ ಮಿದುಳಿಗೆ ತೀವ್ರ ಹಾನಿಯಾಗಿದ್ದ ಮಕ್ಕಳು ಹುಟ್ಟಿದರು. ಆ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ಯಾಡ್ಮಿಯಂ ವಿಷಯ ಬೇರೆ. ಅದು ಮುಖ್ಯವಾಗಿ ಯಕೃತ್ತು, ಮೂತ್ರಪಿಂಡಗಳಲ್ಲಿ ಉಳಿಯುವುದರಿಂದ, ಮೀನು, ಏಡಿ, ಕಪ್ಪೆಬೊಂಡಾಸಗಳ ಒಳಭಾಗವನ್ನು ತೆಗೆದುಹಾಕುವುದು ನಿಜಕ್ಕೂ ಉಪಯುಕ್ತ. ಚಿಪ್ಪುಜೀವಿಗಳನ್ನು ಮಾತ್ರ ಇಡಿಯಾಗಿ ತಿನ್ನುವುದರಿಂದ, ಬಂದರು ಅಥವಾ ಕಾರ್ಖಾನೆಯ ಕೊಳವೆಗಳ ಬಳಿ ಬೆಳೆದವನ್ನು ನಾನು ಮುಟ್ಟುವುದಿಲ್ಲ.

ಮೀನನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. ಸಣ್ಣ ಮೀನನ್ನು ಆರಿಸಿಕೊಳ್ಳಿ. ದೇಹದಲ್ಲಿರುವ ಮೀಥೈಲ್ ಪಾದರಸ ಅರ್ಧಕ್ಕಿಳಿಯಲು ಸುಮಾರು 50 ದಿನ ಬೇಕಾಗುವುದರಿಂದ, ಮಗುವನ್ನು ಬಯಸುವ ಮಹಿಳೆಯರು ದೊಡ್ಡ ಬೇಟೆಗಾರ ಮೀನುಗಳನ್ನು ಗರ್ಭ ನಿಂತ ಮೇಲಲ್ಲ, ಹಲವು ತಿಂಗಳು ಮೊದಲೇ ನಿಲ್ಲಿಸಬೇಕು.